ಹಾಸೂ ಇಲ್ಲ, ಹೊಕ್ಕೂ ಇಲ್ಲ: ತಾಂಬೂಲದ ಚೀಲ ಬಟ್ಟೆಯದೇ?

ಪ್ರಶ್ನೆ: ಮದುವೆ ಛತ್ರದಲ್ಲಿ ತಾಂಬೂಲ ಹಾಕಿ ಕೊಡುವ, ಚಿಕ್ಕಪೇಟೆಯ ಅಂಗಡಿಗಳಲ್ಲಿ ಸೀರೆ ಹಾಕಿ ಕೊಡುವ ಬಣ್ಣಬಣ್ಣದ ಮೆತ್ತನೆಯ ಚೀಲಗಳು ಬಟ್ಟೆಯವೇ ಅಲ್ಲವೇ? ಹಳತಾದ ಮೇಲೆ ಅವನ್ನು ಮನೆಯ ಗೊಬ್ಬರದ ಡಬ್ಬಕ್ಕೆ ಹಾಕಬಹುದೇ?

ಬಟ್ಟೆಯವಲ್ಲ; ಹಾಕಬಾರದು. ಉತ್ತರ ಇಷ್ಟೇ. ಆದರೆ ಮದುವೆಯ ಕಾಲ ಬಂತೆಂದರೆ ಈ ಪ್ರಶ್ನೆಯೂ ಹೊಸ ವೇಷ ತೊಟ್ಟು ಬರುತ್ತದೆ. ‘ಅದು ಪ್ಲಾಸ್ಟಿಕ್’ ಎಂದು ಹೇಳಿದರೆ ಕೇಳಿದವರು ಚೀಲದ ಅಂಚನ್ನು ಎರಡು ಬೆರಳುಗಳ ನಡುವೆ ಹೊಸಕಿ, ‘ಎಷ್ಟು ಮೆತ್ತಗಿದೆ ನೋಡಿ, ಸರ್’ ಎನ್ನುತ್ತಾರೆ. ಜವಳಿ ತಂತ್ರಜ್ಞಾನವನ್ನೇ ಪಾಠ ಹೇಳಿ ನಿವೃತ್ತನಾದ ನನಗೆ ಈ ಬೆರಳಿನ ಸಾಕ್ಷ್ಯದ ಮುಂದೆ ಸೋತು ಸಾಕಾಗಿದೆ. ಆದ್ದರಿಂದ ಈ ಸಲ ವಿಸ್ತಾರವಾಗಿಯೇ ಬರೆಯುತ್ತೇನೆ.

ನೇಯ್ದ ಬಟ್ಟೆ ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಸು ಹಿಡಿದು, ಅಡ್ಡಕ್ಕೆ ಹೊಕ್ಕು ಹಾಯಿಸಿ ನೂಲಿನಿಂದ ಮಾಡಿದ್ದು. ಈ ಚೀಲದಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ, ನೂಲು ಎಂಬುದೇ ಇಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಹರಳುಗಳನ್ನು ಸುಮಾರು 230 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ, ಸಾವಿರಾರು ಸಣ್ಣ ರಂಧ್ರಗಳಿರುವ ತಟ್ಟೆಯ ಮೂಲಕ ಶಾವಿಗೆ ಒತ್ತಿದಂತೆ ಒತ್ತುತ್ತಾರೆ. ಕೆಳಗಿಳಿಯುವ ಎಳೆಗಳನ್ನು ತಣ್ಣನೆಯ ಗಾಳಿ ಗಟ್ಟಿಯಾಗಿಸುತ್ತದೆ, ರಭಸದ ಗಾಳಿ ಹಿಡಿದೆಳೆದು ಕೂದಲಿಗಿಂತ ತೆಳುವಾಗಿಸುತ್ತದೆ. ಅವು ಚಲಿಸುವ ಜಾಲರಿ ಪಟ್ಟಿಯ ಮೇಲೆ ಅಡ್ಡಾದಿಡ್ಡಿಯಾಗಿ ಬಿದ್ದು ಹಾಸಿಗೆಯಂತೆ ಹರಡಿಕೊಂಡ ಮೇಲೆ, ಪುಟ್ಟ ಉಬ್ಬುಗಳಿರುವ ಬಿಸಿ ಉರುಳೆಗಳ ನಡುವೆ ಹಾಯಿಸುತ್ತಾರೆ. ಉಬ್ಬು ತಾಗಿದ ಕಡೆಯಲ್ಲಷ್ಟೇ ಎಳೆಗಳು ಬೆಸೆದುಕೊಳ್ಳುತ್ತವೆ. ಚೀಲದ ಮೈಮೇಲೆ ಸಾಲಾಗಿ ಕಾಣುವ, ನೇಯ್ಗೆಯ ವಿನ್ಯಾಸವೆಂದು ಎಲ್ಲರೂ ನಂಬಿರುವ ಆ ಪುಟ್ಟ ಗುಳಿಗಳು ಇವೇ. ಬೆಸುಗೆಗಳ ನಡುವಿನ ಎಳೆಗಳು ಬಿಡಿಯಾಗಿ ಉಳಿಯುವುದರಿಂದಲೇ ಕೈಗೆ ಮೆತ್ತಗೆ ತಾಗುತ್ತದೆ. ಈ ವಿಧಾನಕ್ಕೆ ಸ್ಪನ್‌ಬಾಂಡ್ ಎಂದು ಹೆಸರು.

ನಂಬಿಕೆ ಬರದವರು ಚೀಲದ ಹರಿದ ಅಂಚಿನಿಂದ ಒಂದು ಉದ್ದನೆಯ ನೂಲನ್ನು ಬಿಡಿಸಿ ತೆಗೆಯಲು ಪ್ರಯತ್ನಿಸಲಿ. ಬರುವುದು ಜೂಲು ಮಾತ್ರ. ಪಕ್ಕದ ಅಂಚುಗಳಲ್ಲಿ ಸೂಜಿದಾರದ ಹೊಲಿಗೆಯನ್ನು ಹುಡುಕಲಿ. ಅಂಗಡಿಯವರು ಡಬ್ಲ್ಯೂ ಕಟ್, ಡಿ ಕಟ್ ಎಂದು ಕರೆಯುವ ಚೀಲಗಳಲ್ಲಿ ದಾರವೇ ಇರುವುದಿಲ್ಲ, ಏಕೆಂದರೆ ಸೆಕೆಂಡಿಗೆ ಸುಮಾರು 20,000 ಸಲ ಕಂಪಿಸುವ ಅಲ್ಟ್ರಾಸಾನಿಕ್ ಯಂತ್ರದಿಂದ ಅಂಚುಗಳನ್ನು ಕರಗಿಸಿ ಅಂಟಿಸಿರುತ್ತಾರೆ. ಹತ್ತಿಯನ್ನು ಹಾಗೆ ಬೆಸೆಯಲು ಬ್ರಹ್ಮನಿಂದಲೂ ಆಗದು; ಅದು ಸುಡುತ್ತದೆಯೇ ಹೊರತು ಕರಗುವುದಿಲ್ಲ. ಚೀಲದ ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಬಯಲಲ್ಲಿ ಬೆಂಕಿ ತಾಗಿಸಿದರೆ ಅದು ಮುದುಡಿ, ಮೇಣದ ವಾಸನೆ ಬೀರಿ, ಹನಿಯಾಗಿ ತೊಟ್ಟಿಕ್ಕುತ್ತದೆ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿ ಬಿಡುತ್ತದೆ. ಇಸ್ತ್ರಿ ಪೆಟ್ಟಿಗೆಯಿಂದ ಮಾತ್ರ ಪರೀಕ್ಷಿಸಬೇಡಿ. ಪಾಲಿಪ್ರೊಪಿಲೀನ್ 165 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ ಹತ್ತಿಗೆ ಹೊಂದಿಸಿದ ಪೆಟ್ಟಿಗೆಯ ತಳಕ್ಕೆ ಅಂಟಿ ಕೂರುತ್ತದೆ. ನಮ್ಮ ಮನೆಯಲ್ಲಿ ಅದು ಒಮ್ಮೆ ಆಗಿದೆ. ಪರೀಕ್ಷೆ ನನ್ನದಾಗಿತ್ತು, ಪೆಟ್ಟಿಗೆ ನನ್ನ ಹೆಂಡತಿಯದಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ವಾದ ಉಳಿದುಕೊಳ್ಳುತ್ತದೆ, ಅದೇ ಎಲ್ಲಕ್ಕಿಂತ ಹಟಮಾರಿ. ‘ತಾರಸಿಯ ಮೇಲೆ ಬಿಟ್ಟ ಚೀಲ ಕೆಲವೇ ತಿಂಗಳಲ್ಲಿ ಮುಟ್ಟಿದರೆ ಉದುರುವಷ್ಟು ಪುಡಿಯಾಯಿತು, ಅಂದಮೇಲೆ ಅದು ಮಣ್ಣಾಗುತ್ತದೆ ತಾನೆ?’ ಪುಡಿಯಾಗುವುದು ನಿಜ. ಬಿಸಿಲಿನ ಅತಿನೇರಳೆ ಕಿರಣಗಳೂ ಗಾಳಿಯ ಆಮ್ಲಜನಕವೂ ಸೇರಿ ಪಾಲಿಪ್ರೊಪಿಲೀನಿನ ಉದ್ದನೆಯ ಅಣುಸರಪಳಿಗಳನ್ನು ಅಲ್ಲಲ್ಲಿ ಕಡಿಯುತ್ತವೆ. ಎಳೆಗಳು ತೀರ ತೆಳುವಾಗಿರುವುದರಿಂದ ಈ ಹಾನಿ ಬಲುಬೇಗ ಒಳಕ್ಕಿಳಿಯುತ್ತದೆ. ಆದರೆ ಮಣ್ಣಾಗುವುದೆಂದರೆ ಸೂಕ್ಷ್ಮಜೀವಿಗಳು ವಸ್ತುವನ್ನು ತಿಂದು ಅರಗಿಸಿಕೊಳ್ಳುವುದು. ಹತ್ತಿಯ ಸೆಲ್ಯುಲೋಸನ್ನು ಅವು ತಿನ್ನುತ್ತವೆ. ಈ ಪುಡಿಯನ್ನು ಮೂಸಿಯೂ ನೋಡುವುದಿಲ್ಲ. ಕಣ್ಣಿಗೆ ಕಾಣುವ ಒಂದು ಚೀಲ ಕಣ್ಣಿಗೆ ಕಾಣದ ಲಕ್ಷಾಂತರ ಚೂರುಗಳಾಗಿ ನಿಮ್ಮ ಕರಿಬೇವಿನ ಕುಂಡದಲ್ಲೇ ಉಳಿಯುತ್ತದೆ. ಗಾಜಿನ ಲೋಟ ಒಡೆದು ಚೂರಾದರೆ ಅದು ಕರಗಿತೆಂದು ಯಾರೂ ಹೇಳುವುದಿಲ್ಲವಲ್ಲ!

ಕಾನೂನಿಗೂ ಇದರಲ್ಲಿ ಗೊಂದಲವಿಲ್ಲ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದ ದಪ್ಪ ಎಷ್ಟೇ ಇರಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. 2021ರಲ್ಲಿ ತಿದ್ದುಪಡಿಯಾದ ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಈ ಚೀಲವನ್ನು ‘ನಾನ್‌ವೊವನ್ ಪ್ಲಾಸ್ಟಿಕ್ ಕೈಚೀಲ’ (ನಾನ್‌ವೊವನ್ ಎಂದರೆ ನೇಯದ) ಎಂದೇ ಹೆಸರಿಸಿ, ಚದರ ಮೀಟರಿಗೆ ಕನಿಷ್ಠ 60 ಗ್ರಾಂ ತೂಗಬೇಕೆಂದು ವಿಧಿಸಿವೆ. ಮನೆಗೆ ಬಂದುಬಿಟ್ಟ ಚೀಲವನ್ನು ಹರಿಯುವವರೆಗೂ ಬಳಸಿ, ಆಮೇಲೆ ಒಣಕಸಕ್ಕೆ ಹಾಕಿ.

ಇದನ್ನು ಓದಿ ‘ನಾನ್‌ವೊವನ್ ಎಂದರೆಲ್ಲ ಪ್ಲಾಸ್ಟಿಕ್’ ಎಂಬ ಹೊಸ ತಪ್ಪಿಗೆ ಹಾರುವವರೂ ಇರುತ್ತಾರೆ. ಆ ಪದವು ತಯಾರಿಸುವ ವಿಧಾನವನ್ನು ಹೇಳುತ್ತದೆಯೇ ಹೊರತು ವಸ್ತುವನ್ನಲ್ಲ. ನಮ್ಮ ಕುರುಬರ ಕಂಬಳಿ ಮಗ್ಗದಲ್ಲಿ ನೇಯ್ದದ್ದು. ಕಾಶ್ಮೀರದ ನಮ್ದಾ ಅದೇ ಕುರಿಯ ಉಣ್ಣೆಯನ್ನು ನೀರು, ಸಾಬೂನು ಹಾಕಿ ಉಜ್ಜಿ ಒತ್ತಿ ಮಾಡಿದ್ದು, ಮಗ್ಗವನ್ನೇ ಕಾಣದ್ದು. ತೆಂಗಿನ ನಾರನ್ನು ಮುಳ್ಳುಸೂಜಿಗಳಿಂದ ಚುಚ್ಚಿ ಚುಚ್ಚಿ ಹೆಣೆದು ಚಾಪೆಯಂಥ ಹಾಳೆ ಮಾಡುತ್ತಾರೆ. ಕೊರೋನಾ ಕಾಲದಲ್ಲಿ ಎಲ್ಲರೂ ಹುಡುಕಾಡಿದ ಎನ್‌95 ಮುಖಗವಸಿನ ನಡುಪದರವೂ ಈ ಬಳಗದ್ದೇ. ಕರಗಿದ ಪ್ಲಾಸ್ಟಿಕ್ಕನ್ನು ಬಿಸಿಗಾಳಿಯಿಂದ ಊದಿ ಕೆಲವೇ ಮೈಕ್ರಾನ್ ದಪ್ಪದ ಎಳೆಗಳಾಗಿಸಿ, ಅವಕ್ಕೆ ವಿದ್ಯುದಾವೇಶ ಕೊಟ್ಟಿರುತ್ತಾರೆ.

ಇಲ್ಲಿಯವರೆಗೆ ಬಂದ ಮೇಲೆ, ಯಾರೂ ಕೇಳದಿದ್ದರೂ ನಾನು ತರಗತಿಯಲ್ಲಿ ತಪ್ಪದೆ ಎತ್ತುತ್ತಿದ್ದ ಪ್ರಶ್ನೆಯೊಂದನ್ನು ಹೇಳದೆ ಇರಲಾರೆ. ಎಳೆಗಳು ಅಡ್ಡಾದಿಡ್ಡಿ ಬಿದ್ದರೂ ಚೀಲ ಐದು ಕಿಲೋ ಅಕ್ಕಿ ಹೊರುವುದಾದರೆ, ವಿಮಾನದ ರೆಕ್ಕೆ ಮಾಡಲು ಬಳಸುವ ಕಾರ್ಬನ್ ನಾರುಗಳನ್ನು ಅಷ್ಟು ಕಟ್ಟುನಿಟ್ಟಾಗಿ ದಿಕ್ಕು ಹಿಡಿದು ಜೋಡಿಸುವುದೇಕೆ? ಷೆಡ್ಡುಗಳ ಫೈಬರ್ ಶೀಟಿನಲ್ಲಿ ಬೆರಳುದ್ದದ ಗಾಜಿನ ನಾರಿನ ತುಂಡುಗಳು ಚೆಲ್ಲಾಪಿಲ್ಲಿಯಾಗಿಯೇ ಇರುತ್ತವೆ. ಹಾಗಾಗಿ ಬಲ ಎಲ್ಲ ದಿಕ್ಕಿಗೂ ಹಂಚಿಹೋಗುತ್ತದೆ. ಚೆಲ್ಲಿದ ನಾರು ಒತ್ತಾಗಿ ಕೂರದ ಕಾರಣ ಗಾತ್ರದಲ್ಲಿ ಸುಮಾರು ಐದನೇ ಒಂದು ಭಾಗವಷ್ಟೇ ನಾರು, ಮಿಕ್ಕದ್ದು ರಾಳ, ಅಂದರೆ ನಾರುಗಳನ್ನು ಹಿಡಿದಿಡುವ ಗಟ್ಟಿ ಅಂಟು. ನಾರುಗಳನ್ನು ಒಂದೇ ದಿಕ್ಕಿಗೆ ಬಾಚಿ ಜೋಡಿಸಿದರೆ ನಾರಿನ ಪಾಲು 60 ಪ್ರತಿಶತದವರೆಗೆ ಏರುತ್ತದೆ, ಭಾರ ಬೀಳುವ ದಿಕ್ಕಿಗೇ ಬಲವನ್ನು ತಿರುಗಿಸಲೂ ಬರುತ್ತದೆ. 2001ರ ಜನವರಿ 4ರಂದು ನಮ್ಮ ಬೆಂಗಳೂರಿನ ಆಕಾಶದಲ್ಲೇ ಮೊದಲು ಹಾರಿದ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಸುಮಾರು 45 ಪ್ರತಿಶತ ಹೀಗೆ ನಾರೂ ರಾಳವೂ ಸೇರಿದ ಸಂಯುಕ್ತ ವಸ್ತುವೇ.

ಇಂಥ ಭಾಗಗಳನ್ನು ಮಾಡುವಾಗ ರಾಳ ಸವರಿದ ಕಾರ್ಬನ್ ಪದರಗಳನ್ನು ಬೇರೆಬೇರೆ ಕೋನಗಳಲ್ಲಿ ಒಂದರ ಮೇಲೊಂದು ಹಾಸಿ, ಗಾಳಿ ಹೀರಿದ ಚೀಲದೊಳಗೆ ಮುಚ್ಚಿ, ಆಟೋಕ್ಲೇವ್ ಎಂಬ ದೈತ್ಯ ಪ್ರೆಷರ್ ಕುಕ್ಕರಿನಲ್ಲಿ ಸುಮಾರು 180 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಆ ಚೀಲದ ಮೂಲೆಮೂಲೆಯಿಂದಲೂ ಗಾಳಿ ಹೊರಬರಲು ಒಳಗೆ ದಾರಿ ಬೇಕು. ಅದಕ್ಕಾಗಿ ಕಾರ್ಬನ್ ಪದರಗಳ ಮೇಲೆ ಬ್ರೀದರ್ ಎಂಬ ಹತ್ತಿಯಂತೆ ಮೆತ್ತನೆಯ ಹೊದಿಕೆಯೊಂದನ್ನು ಹಾಸಿರುತ್ತಾರೆ. ಅದು ಪಾಲಿಯೆಸ್ಟರ್ ಎಳೆಗಳನ್ನು ಸೂಜಿಯಿಂದ ಚುಚ್ಚಿ ಮಾಡಿದ್ದು, ತಾಂಬೂಲದ ಚೀಲದ ಹತ್ತಿರದ ನೆಂಟ. ಭಾಗ ಬೆಂದು ತಣಿದ ಮೇಲೆ ಅದನ್ನು ಕಿತ್ತು ಕಸಕ್ಕೆ ಹಾಕುತ್ತಾರೆ.