ವಿಮೆ ಕಾರ್ಡ್ ಇದೆ, ಆದರೂ ಡಾಕ್ಟರ ಹತ್ತಿರ ಯಾಕೆ ಹೋಗಲ್ಲ?

ಓದುಗರ ಪ್ರಶ್ನೆ: ಕೆನಡಾದ ತೋಟಗಳಿಗೆ ಮೆಕ್ಸಿಕೊ, ಜಮೈಕಾ ಕಡೆಯಿಂದ ಕೆಲಸಕ್ಕೆ ಬರುವವರಿಗೆ ಸರ್ಕಾರಿ ಆರೋಗ್ಯ ವಿಮೆ ಇದೆ ಅಂತಾರೆ. ಹಾಗಿದ್ದೂ ಕಾಯಿಲೆ ಮುಚ್ಚಿಟ್ಟುಕೊಂಡು ದುಡಿಯುತ್ತಾರಂತೆ. ಯಾಕೆ?

ಉತ್ತರ: ವಿಮೆ ಇರುವುದು ನಿಜ. ಒಂಟಾರಿಯೊ ಪ್ರಾಂತ್ಯದಲ್ಲಿ ಸೀಸನ್ ಕೆಲಸದ ಯೋಜನೆಯಡಿ ಬಂದವರು ಅದಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಬಂದ ಕೂಡಲೇ ಅರ್ಹರು. ಆದರೆ ಆ ಕಾರ್ಡು ಹಿಡಿದು ಆಸ್ಪತ್ರೆ ತಲುಪುವ ದಾರಿ ಮಾಲೀಕನ ಅಂಗಳದ ಮೂಲಕವೇ ಹೋಗುತ್ತದೆ.

ಈ ಯೋಜನೆ 1966ರಲ್ಲಿ ಜಮೈಕಾದವರಿಂದ ಶುರುವಾಯಿತು. 1974ರಲ್ಲಿ ಮೆಕ್ಸಿಕೊ ಸೇರಿಕೊಂಡಿತು. ವರ್ಷಕ್ಕೆ ಹೆಚ್ಚೆಂದರೆ 8 ತಿಂಗಳು ಕೆಲಸ, ಆಮೇಲೆ ಊರಿಗೆ ವಾಪಸ್. ಕೆಲಸದ ಪರ್ಮಿಟ್ ಒಂದೇ ತೋಟಕ್ಕೆ ಕಟ್ಟಿಹಾಕಿದ್ದು. ಬೇರೆ ತೋಟಕ್ಕೆ ಹೋಗಬೇಕೆಂದರೆ ಸುಮಾರು ಜನರ ಒಪ್ಪಿಗೆ ಬೇಕು. ವಾಸಕ್ಕೆ ಕೋಣೆ ಕೊಡುವುದೂ ಮಾಲೀಕನೇ. ಪೇಟೆಗೆ ಬಸ್ಸಿಲ್ಲದ ಕಡೆ ಗಾಡಿಯೂ ಅವನದೇ. ಇಷ್ಟೆಲ್ಲಾ ಒಬ್ಬನ ಕೈಯಲ್ಲಿರುವಾಗ "ನನಗೆ ಹುಷಾರಿಲ್ಲ, ಆಸ್ಪತ್ರೆಗೆ ಬಿಟ್ಟು ಬನ್ನಿ" ಅನ್ನುವುದು ಸುಲಭದ ಮಾತಲ್ಲ, ಅಲ್ವಾ?

ಇನ್ನೂ ಒಂದಿದೆ. ಮುಂದಿನ ವರ್ಷ ಯಾರು ಬೇಕು ಅಂತ ಮಾಲೀಕರು ಹೆಸರು ಹಿಡಿದು ಕರೆಸಿಕೊಳ್ಳಬಹುದು. ವರ್ಷಗಟ್ಟಲೆ ಒಂದೇ ತೋಟಕ್ಕೆ ಬರುವವರು ಎಷ್ಟೋ ಜನ. ಆ ಪಟ್ಟಿಯಿಂದ ಹೆಸರು ಬಿಟ್ಟುಹೋದರೆ ಮಕ್ಕಳ ಫೀಸು, ಅರ್ಧ ಕಟ್ಟಿದ ಮನೆ, ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ನನ್ನ ಮಟ್ಟಿಗೆ ಭಾಷೆ, ದೂರ, ಸಮಯಕ್ಕಿಂತ ದೊಡ್ಡ ಅಡ್ಡಿ ಇದೇ. ಸುಮ್ನೆ ಹೆದರುತ್ತಾರೆ ಅಂತಲೂ ಹೇಳುವಂತಿಲ್ಲ. 2001ರಿಂದ 2011ರ ನಡುವೆ ಒಂಟಾರಿಯೊದಿಂದ ಅವಧಿಗೆ ಮುಂಚೆ ಊರಿಗೆ ಕಳುಹಿಸಲಾದ 787 ಪ್ರಕರಣಗಳನ್ನು ಸಂಶೋಧಕರು ನೋಡಿದಾಗ, ಕಾಯಿಲೆ ಮತ್ತು ಗಾಯಗಳೇ ಮುಖ್ಯ ಕಾರಣವಾಗಿದ್ದವು.

ಹೊಗೆಸೊಪ್ಪಿನ ಹೊಲವನ್ನೇ ನೋಡಿ. ಬೆಳಿಗ್ಗೆ ಎಲೆ ಮೇಲೆ ಇಬ್ಬನಿ ಇರುತ್ತದೆ. ಆ ನೀರಿಗೆ ನಿಕೋಟಿನ್ ಇಳಿಯುತ್ತದೆ. ಎಲೆ ಕೀಳುವವರ ತೋಳು, ಅಂಗಿ ನೆನೆದು ಅದು ಚರ್ಮದ ಮೂಲಕ ಮೈಗೆ ಸೇರುತ್ತದೆ. ಕೆಲವೇ ಗಂಟೆಗಳಲ್ಲಿ ವಾಂತಿ, ತಲೆಸುತ್ತು, ತಲೆನೋವು. ಬಿಸಿಲಿನ ಬಳಲಿಕೆಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಕೀಟನಾಶಕ ತಗುಲಿದರೂ ಇದೇ ಲಕ್ಷಣ ಬರಬಹುದು. ಹಾಗಾಗಿ ಬೆಳಿಗ್ಗೆಯಿಂದ ಏನು ಕೆಲಸ ಮಾಡಿದೆ, ಅಂಗಿ ಒದ್ದೆಯಾಗಿತ್ತಾ, ಪಕ್ಕದಲ್ಲಿ ಔಷಧಿ ಹೊಡೆದರಾ ಅಂತ ಡಾಕ್ಟರು ಕೇಳಲೇಬೇಕು. ಅದಕ್ಕೆ ಮೆಕ್ಸಿಕೊದ ರೋಗಿ ಸ್ಪ್ಯಾನಿಷ್‌ನಲ್ಲಿ ಉತ್ತರಿಸುತ್ತಾನೆ. ಇಂಗ್ಲಿಷಿಗೆ ತಿರುಗಿಸುವವನು ಜೊತೆಗೆ ಬಂದ ಮೇಸ್ತ್ರಿಯೇ ಆಗಿದ್ದರೆ? "ಕೈಗವಸು ಕೊಟ್ಟಿರಲಿಲ್ಲ" ಅನ್ನುವ ಮಾತು ರೋಗಿಯ ಬಾಯಿಗೇ ಬರುವುದಿಲ್ಲ.

ಆರೋಗ್ಯ ಬಿಟ್ಟು ಉಳಿದ ನೆರವಿನ ಕಥೆಯೂ ಇಂಥದ್ದೇ. ಕೆಲಸ ಹೋದಾಗ ಭತ್ಯೆ ಕೊಡುವ ವಿಮೆಗೆ ಇವರ ಸಂಬಳದಿಂದಲೂ ಹಣ ಮುರಿದುಕೊಳ್ಳುತ್ತಾರೆ. ಸೀಸನ್ ಮುಗಿದು ಊರಿಗೆ ಹೋದ ಮೇಲೆ ಆ ಭತ್ಯೆ ಮಾತ್ರ ಸಿಗುವುದಿಲ್ಲ. ಮುಂದೆ ವಯಸ್ಸಾದಾಗ ಸಿಗುವ ಪಿಂಚಣಿಗೆ ಹಕ್ಕಿದೆ, ಅರ್ಜಿ ಹಾಕಲು ಗೊತ್ತಿದ್ದರೆ.

ಹಾಗಾದರೆ ಏನು ಮಾಡಿದರೆ ಕೆಲಸ ಆಗುತ್ತದೆ? ಆಸ್ಪತ್ರೆಯೇ ಅವರ ಸಮಯಕ್ಕೆ, ಅವರ ಜಾಗಕ್ಕೆ ಹೋಗಬೇಕು. ಸಂಜೆ ಅಥವಾ ಭಾನುವಾರ ತೆರೆಯುವ ಕ್ಲಿನಿಕ್, ತೋಟದ ಹತ್ತಿರ ಬರುವ ವ್ಯಾನು, ಮಾಲೀಕನಿಗೆ ಸಂಬಂಧವಿಲ್ಲದ ದುಭಾಷಿ. ಅಮೆರಿಕ 1962ರಲ್ಲೇ ವಲಸೆ ಕೃಷಿ ಕಾರ್ಮಿಕರ ಚಿಕಿತ್ಸೆಗೆಂದು ಕಾನೂನು ತಂದಿತು. ಅದರಿಂದ ಬೆಳೆದ ಆರೋಗ್ಯ ಕೇಂದ್ರಗಳು ಆದಾಯ ನೋಡಿ ಫೀಸು ಇಳಿಸುತ್ತವೆ. ಕಾರ್ಮಿಕರ ಸಮುದಾಯದವರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತಯಾರು ಮಾಡುವ ಪದ್ಧತಿಯೂ ಅಲ್ಲಿದೆ. ನಮ್ಮವರೇ ಬಂದು ಕೇಳಿದಾಗ ಜನ ಬಾಯಿ ಬಿಡುತ್ತಾರೆ.

ಪರ್ಮಿಟ್ ಗಂಟಿನ ವಿಷಯಕ್ಕೆ ಬಂದರೆ, ಕೆನಡಾ 2019ರಲ್ಲಿ ಅದನ್ನು ಸ್ವಲ್ಪ ಸಡಿಲಿಸಿತು. ಮಾಲೀಕನಿಂದ ಕಿರುಕುಳ ಆಗುತ್ತಿದ್ದರೆ ಎಲ್ಲಿ ಬೇಕಾದರೂ ದುಡಿಯಬಹುದಾದ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಆದರೆ ಅದಕ್ಕೆ ಕಿರುಕುಳದ ಪುರಾವೆ ಜೋಡಿಸಬೇಕು. ದಿನವಿಡೀ ದುಡಿದು ಮಾಲೀಕನ ಕೋಣೆಯಲ್ಲೇ ಮಲಗುವವನು, ಬರದ ಭಾಷೆಯಲ್ಲಿ ಆ ಅರ್ಜಿ ತುಂಬಿಸಬೇಕು.