ಗೆರೆಯ ನಡುಕ

ಬಿಎಸ್‌ಸಿ ಮೊದಲ ವರ್ಷದ ಲ್ಯಾಬ್. ಸರಳ ಲೋಲಕ ತೂಗಿಬಿಟ್ಟು, ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದುಕೊಂಡು, ಅದರಿಂದ 'ಜಿ', ಅಂದರೆ ಗುರುತ್ವದ ವೇಗೋತ್ಕರ್ಷ, ಲೆಕ್ಕ ಹಾಕಬೇಕು. ಉತ್ತರ 9.8 ಎಂದು ಪಠ್ಯಪುಸ್ತಕ ಮೊದಲೇ ಹೇಳಿಬಿಟ್ಟಿರುತ್ತದೆ. ನಾನೂ ಜೊತೆಗಾರನೂ ಲೋಲಕ ಮುಟ್ಟಲೇ ಇಲ್ಲ. 9.8ನ್ನು ಸೂತ್ರಕ್ಕೆ ಹಾಕಿ, ಹಿಂದಿನಿಂದ ಲೆಕ್ಕ ಬಿಡಿಸಿ ರೀಡಿಂಗ್ ಬರೆದೆವು: ಒಂದು ಮೀಟರ್ ದಾರಕ್ಕೆ 40.1 ಸೆಕೆಂಡ್, 90 ಸೆಂಟಿಮೀಟರಿಗೆ 38.1, 80ಕ್ಕೆ 35.9. ಮೇಷ್ಟ್ರು ರೆಕಾರ್ಡ್ ನೋಡಿದರು. ಮಾತಾಡದೆ ಸ್ಟಾಪ್‌ವಾಚ್ ತಂದು ಮುಂದಿಟ್ಟರು. 'ಇದರಲ್ಲಿ 40.1 ಎಲ್ಲಿದೆ, ತೋರಿಸಪ್ಪ.'

ಅದು ಕೀಲಿ ಕೊಡುವ ಹಳೇ ವಾಚು. ಮುಳ್ಳು ಸೆಕೆಂಡಿಗೆ ಐದು ಸಲ ಜಿಗಿಯುತ್ತದೆ. 40.0 ಇದೆ, 40.2 ಇದೆ, ನಡುವೆ ನಿಲ್ಲಲು ಅದಕ್ಕೆ ಜಾಗವೇ ಇಲ್ಲ.

ನಮ್ಮ ಉತ್ತರ ಸರಿ ಇತ್ತು, ನಮ್ಮ ತಪ್ಪುಗಳು ಸರಿ ಇರಲಿಲ್ಲ. ಇಷ್ಟು ವರ್ಷವಾದರೂ ನನಗೆ ಇದರ ಮೋಜು ಕಡಿಮೆಯಾಗಿಲ್ಲ. 'ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ' ಎಂದು ಶುರುವಾಗುವ ವಾಟ್ಸಾಪ್ ಮೆಸೇಜಿನ ಜೊತೆ ನುಣ್ಣನೆಯ ಗ್ರಾಫೊಂದು ಬಂದರೆ ಜನ ಕಣ್ಣುಮುಚ್ಚಿ ನಂಬುತ್ತಾರೆ. ನನಗೆ ಆ ನುಣುಪು ಕಂಡ ಕೂಡಲೇ ಗುಮಾನಿ ಶುರು.

ಅಳತೆ ಎಂದಮೇಲೆ ನಡುಕ ಇದ್ದೇ ಇರುತ್ತದೆ. ಇದಕ್ಕೆ ನಾಯ್ಸ್ ಎನ್ನುತ್ತಾರೆ. ಹಳೇ ರೇಡಿಯೋದಲ್ಲಿ ಎರಡು ಸ್ಟೇಷನ್ ನಡುವೆ ಮುಳ್ಳು ತಿರುಗಿಸಿದಾಗ ಬರುವ 'ಸೊರ್' ಎಂಬ ಸದ್ದು ಇದೇ ಜಾತಿಯದು. ನಾಯ್ಸಿನ ಗುಣವೇನೆಂದರೆ, ಒಮ್ಮೆ ಬಂದದ್ದು ಹಾಗೇ ಮತ್ತೆ ಬರುವುದಿಲ್ಲ. ದೋಸೆ ನೋಡಿ. ಹಿಟ್ಟು ಅದೇ, ಕಾವಲಿ ಅದೇ, ಹುಯ್ಯುವ ಕೈ ಅದೇ, ಆದರೂ ಒಂದು ದೋಸೆಯ ತೂತುಗಳ ವಿನ್ಯಾಸ ಇನ್ನೊಂದರಲ್ಲಿ ಇರುವುದಿಲ್ಲ. ಎರಡು ದೋಸೆಯಲ್ಲಿ ತೂತುಗಳೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದರೆ ಎರಡನೆಯದು ದೋಸೆಯಲ್ಲ, ಮೊದಲನೆಯದರ ಫೋಟೋ. ಸಹಿಯ ಕತೆಯೂ ಇದೇ. ಬ್ಯಾಂಕಿನವರು ಸಹಿ ಬೇರೆಯಾಗಿದೆ ಎಂದು ಚೆಕ್ ವಾಪಸ್ ಕಳಿಸುತ್ತಾರಲ್ಲ, ಕಾಗದಪತ್ರ ಪರೀಕ್ಷಿಸುವ ತಜ್ಞರು ಅದಕ್ಕೆ ತದ್ವಿರುದ್ಧವಾಗಿ, ಎರಡು ಸಹಿ ಒಂದರ ಮೇಲೊಂದು ಪೂರ್ತಿ ಕೂತರೆ ಹುಬ್ಬೇರಿಸುತ್ತಾರೆ. ಹಾಗೆ ಕೂರುವುದು ಕೆಳಗೊಂದು ಹಾಳೆ ಇಟ್ಟು ತಿದ್ದಿದಾಗ.

ಉಪಕರಣ ಸುಧಾರಿಸಿದರೆ ನಡುಕ ಹೋಗುವುದಿಲ್ಲವೇ? ಕಡಿಮೆಯಾಗುತ್ತದೆ, ಪೂರ್ತಿ ಹೋಗದು. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞ ನೀರಿನಲ್ಲಿ ಅತಿಸಣ್ಣ ಕಣಗಳು ಸುಮ್ಮನಿರದೆ ಅತ್ತಿತ್ತ ಕುಣಿಯುವುದನ್ನು ಕಂಡ. (ಪರಾಗರೇಣು ಕುಣಿಯಿತೆಂದು ಎಷ್ಟೋ ಪುಸ್ತಕಗಳಲ್ಲಿದೆ. ಅವನು ನೋಡಿದ್ದು ರೇಣುವಿನ ಒಳಗಿನಿಂದ ಬಂದ ಇನ್ನೂ ಚಿಕ್ಕ ಕಣಗಳನ್ನು.) 1905ರಲ್ಲಿ ಐನ್‌ಸ್ಟೈನ್ ಆ ಕುಣಿತದ ಲೆಕ್ಕ ಕೊಟ್ಟರು: ಶಾಖದಿಂದ ಓಡಾಡುವ ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಿರುತ್ತವೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾನ್ ಜಾನ್ಸನ್ ಮತ್ತು ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದೇ ಕುಣಿತವನ್ನು ವಿದ್ಯುತ್ತಿನಲ್ಲಿ ತೋರಿಸಿದರು. ಬ್ಯಾಟರಿಗೆ ಜೋಡಿಸದೆ ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ರೆಸಿಸ್ಟರಿನ ತುದಿಗಳ ನಡುವೆಯೂ ವೋಲ್ಟೇಜು ಸಣ್ಣಗೆ ತುಯ್ಯುತ್ತಲೇ ಇರುತ್ತದೆ, ಉಷ್ಣಾಂಶ ಹೆಚ್ಚಿದಷ್ಟೂ ಹೆಚ್ಚು.

ಹೆಸರು ನೆನಪಿಡಿ, ಬೆಲ್ ಲ್ಯಾಬ್ಸ್. ಎಪ್ಪತ್ತು ವರ್ಷಗಳ ನಂತರ ಅದೇ ಸಂಸ್ಥೆಗೆ ಜರ್ಮನಿಯ ಯಾನ್ ಹೆಂಡ್ರಿಕ್ ಶೋನ್ ಸೇರಿದ. ಒಂದೇ ಪದರ ಅಣುಗಳಿಂದ ಟ್ರಾನ್ಸಿಸ್ಟರ್ ಮಾಡಿದ್ದೇನೆ ಎಂದ. 2001ರಲ್ಲಿ ಸರಾಸರಿ ಎಂಟು ದಿನಕ್ಕೊಂದು ಪ್ರಬಂಧದಲ್ಲಿ ಅವನ ಹೆಸರಿತ್ತು. ಬೇರೆ ಲ್ಯಾಬುಗಳಲ್ಲಿ ಪಿಎಚ್‌ಡಿ ಹುಡುಗರು ಅವನ ಪ್ರಯೋಗ ಮತ್ತೆ ಮಾಡಲು ಹೋಗಿ ವರ್ಷಗಟ್ಟಲೆ ಹೆಣಗಿದರು. ಏನೂ ಬರಲಿಲ್ಲ. 'ನಮಗೇ ಕೈಗುಣ ಇಲ್ಲವೇನೋ' ಎಂದು ಕೊರಗುವುದನ್ನು ಬಿಟ್ಟರೆ ಅವರಿಗೆ ದಾರಿಯಿರಲಿಲ್ಲ, ಏಕೆಂದರೆ ಪ್ರಯೋಗ ಫಲಿಸದಿರಲು ನೂರು ಕಾರಣ ಇರುತ್ತವೆ. ಮತ್ತೆ ಮಾಡಿ ನೋಡುವುದೇ ವಿಜ್ಞಾನದ ಒರೆಗಲ್ಲು ಎಂದು ಭಾಷಣದಲ್ಲಿ ಹೇಳುವುದು ಸುಲಭ, ಆ ಒರೆಗಲ್ಲಿಗೆ ಉಜ್ಜಿ ಉಜ್ಜಿ ಸವೆದದ್ದು ಈ ಹುಡುಗರ ವಯಸ್ಸು.

ಅವನನ್ನು ಹಿಡಿದುಕೊಟ್ಟದ್ದು ನಾಯ್ಸ್. 2002ರಲ್ಲಿ ಪ್ರಿನ್ಸ್‌ಟನ್ನಿನ ಲಿಡಿಯಾ ಸೋನ್ ಅವರ ಕಣ್ಣಿಗೆ ಒಂದು ಸಂಗತಿ ಬಿತ್ತು: ತೀರಾ ಬೇರೆ ಬೇರೆ ಉಷ್ಣಾಂಶದಲ್ಲಿ ನಡೆದವೆನ್ನಲಾದ ಎರಡು ಪ್ರಯೋಗಗಳ ಗ್ರಾಫಿನಲ್ಲಿ ನಡುಕ ಒಂದೇ, ಪ್ರತಿ ಏರಿಳಿತವೂ ಒಂದೇ. ಕೇಳಿದಾಗ, ಕೈತಪ್ಪಿ ಒಂದೇ ಗ್ರಾಫ್ ಎರಡು ಸಲ ಕಳಿಸಿದೆ ಎಂದ ಶೋನ್. ಕಾರ್ನೆಲ್ಲಿನ ಪಾಲ್ ಮೆಕ್ಯೂಯೆನ್‌ಗೆ ಮೂರನೆಯ ಪ್ರಬಂಧದಲ್ಲೂ ಅದೇ ನಡುಕ ಸಿಕ್ಕಿತು. ತನಿಖಾ ಸಮಿತಿ ಮೂಲ ಡೇಟಾ ಕೇಳಿದರೆ, ಕಂಪ್ಯೂಟರಿನಲ್ಲಿ ಜಾಗವಿಲ್ಲದೆ ಅಳಿಸಿದೆ ಎಂದನಂತೆ. ಸಮಿತಿ ಪರಿಶೀಲಿಸಿದ 24 ಆರೋಪಗಳಲ್ಲಿ 16 ನಿಜವೆಂದು ತೀರ್ಮಾನವಾಯಿತು. ರೆಸಿಸ್ಟರಿನ ತುಯ್ತ ಅಳೆದ ಮನೆಯಲ್ಲಿ ಕೂತು ತುಯ್ತವನ್ನೇ ನಕಲು ಹೊಡೆದಿದ್ದ ಪುಣ್ಯಾತ್ಮ!

ನಮ್ಮ ಬೆಂಗಳೂರಿಗೂ ಇಂಥದೊಂದು ಪ್ರಶ್ನೆ ಬಂದಿತ್ತು. 2018ರ ಜುಲೈನಲ್ಲಿ ಟಾಟಾ ಇನ್ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆ, ಐಐಎಸ್‌ಸಿ) ಇಬ್ಬರು ಸಂಶೋಧಕರು ಚಿನ್ನದೊಳಗೆ ಬೆಳ್ಳಿಯ ನ್ಯಾನೋಕಣ ಹುದುಗಿಸಿದ ವಸ್ತುವಿನಲ್ಲಿ 236 ಕೆಲ್ವಿನ್, ಅಂದರೆ ಮೈನಸ್ 37 ಡಿಗ್ರಿಯಲ್ಲೇ ವಿದ್ಯುತ್ ರೋಧ ಬಿದ್ದುಹೋಗುತ್ತದೆ ಎಂದು ಪ್ರಕಟಿಸಿದರು. ರೋಧ ಹೀಗೆ ಬೀಳಲು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಹೆಚ್ಚು ಚಳಿ ಬೇಕು. ನಿಜವಾದರೆ ನೊಬೆಲ್ ಮಟ್ಟದ ಸುದ್ದಿ. ಆಗಸ್ಟಿನಲ್ಲಿ ಎಂಐಟಿಯ ಬ್ರಯಾನ್ ಸ್ಕಿನ್ನರ್ ಒಂದು ಟಿಪ್ಪಣಿ ಹಾಕಿದರು. ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ತೆಗೆದ ಎರಡು ಸಾಲು ರೀಡಿಂಗು, ಗ್ರಾಫಿನಲ್ಲಿ ಒಂದು ಹಸಿರು ಚುಕ್ಕಿ, ಒಂದು ನೀಲಿ ಚುಕ್ಕಿ. ಒಂದನ್ನು ತುಸು ಸರಿಸಿದರೆ ಅದರ ನಡುಕ ಇನ್ನೊಂದರ ಮೇಲೆ ಹೋಗಿ ಕೂರುತ್ತಿತ್ತು. ಸಹಿಯ ಮೇಲೆ ಸಹಿ. ಸ್ಕಿನ್ನರ್ ಯಾರನ್ನೂ ಕಳ್ಳ ಎನ್ನಲಿಲ್ಲ, ನಾನೂ ಅನ್ನುವುದಿಲ್ಲ. 2019ರ ಮೇ ತಿಂಗಳಲ್ಲಿ ಇನ್ನಷ್ಟು ಸಹಲೇಖಕರೊಂದಿಗೆ, ಹೆಚ್ಚಿನ ಡೇಟಾದೊಂದಿಗೆ ಅದೇ ಪ್ರಬಂಧದ ಪರಿಷ್ಕೃತ ರೂಪ ಬಂತು. ಹೊರಗಿನವರ ಕೈಯಲ್ಲಿ ಅದು ಮೂಡಿಬರುವ ತನಕ ಲೋಕ ಒಪ್ಪುವುದಿಲ್ಲ, ಒಪ್ಪಲೂ ಬಾರದು.

ನಡುಕ ಅನುಮಾನಾಸ್ಪದವಾಗಿದ್ದ ಮಾತ್ರಕ್ಕೆ ಉತ್ತರ ಸುಳ್ಳೆಂದೇನೂ ಅಲ್ಲ. ಮೆಂಡೆಲ್‌ನ ಬಟಾಣಿ ಲೆಕ್ಕ ನಂಬಲಾಗದಷ್ಟು ಚೆನ್ನಾಗಿ ಹೊಂದುತ್ತದೆ ಎಂದು 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ತಕರಾರು ತೆಗೆದರು. ಜಗಳ ಇನ್ನೂ ಪೂರ್ತಿ ತಣ್ಣಗಾಗಿಲ್ಲ, ಆದರೆ ಮೆಂಡೆಲ್‌ನ ನಿಯಮ ಗಟ್ಟಿಯಾಗಿ ನಿಂತಿದೆ.

ನಮ್ಮ ಲೋಲಕಕ್ಕೆ ಬಂದರೆ, ಮೇಷ್ಟ್ರು ಬೈಯಲಿಲ್ಲ. ಆ ಪುಟಕ್ಕೆ ಅಡ್ಡಗೆರೆ ಎಳೆದು, ಊಟದ ಬಿಡುವಿನಲ್ಲಿ ನಮ್ಮಿಬ್ಬರನ್ನೇ ಕೂರಿಸಿ ದಾರ ಕಟ್ಟಿಸಿದರು. ಫ್ಯಾನ್ ಆರಿಸಿದ್ದರು, ಬೆವರುತ್ತಾ ಒಬ್ಬ ಎಣಿಸುವುದು, ಒಬ್ಬ ವಾಚು ಒತ್ತುವುದು. 40.4, 38.2, 36.0. ಲೆಕ್ಕ ಹಾಕಿದರೆ ಜಿ ಬಂದದ್ದು 9.72. 'ಕಡಿಮೆ ಬಂತು ಸಾರ್' ಎಂದೆ. ಅವರು ಕೆಂಪು ಪೆನ್ನಿನಲ್ಲಿ ಸಹಿ ಹಾಕುತ್ತಾ, 'ಬಂತಲ್ಲ' ಎಂದರು.