ಮುದ್ದೆ ಅಗಿಯುವುದನ್ನು ಕಲಿಸುವವರು ಯಾರು?

ಮಂಡ್ಯದ ಕಡೆಯ ರೈತರೊಬ್ಬರು, ತೂಕ ಇಳಿಸುವ ಆಪರೇಷನ್ ಆಗಿ ಎರಡು ತಿಂಗಳಾದ ಮೇಲೆ, ನನ್ನ ಎದುರಿಗೆ ಕುಳಿತು ಕೇಳಿದರು: "ಮೇಡಂ, ಮುದ್ದೆಯನ್ನು ಅಗಿಯುವುದು ಹೇಗೆ?"

ನಗಬಾರದಿತ್ತು, ನಕ್ಕುಬಿಟ್ಟೆ. ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ಗಂಟಲಿಗೆ ಜಾರಿಸುವುದನ್ನು ಆ ಸೀಮೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ನಾನು ಕೊಟ್ಟಿದ್ದ ಹಾಳೆಯಲ್ಲಿ 'ಪ್ರತಿ ತುತ್ತನ್ನೂ ಇಪ್ಪತ್ತೈದು ಸಲ ಅಗಿಯಿರಿ' ಎಂದು ಅಚ್ಚಾಗಿತ್ತು. ಅವರು ನಂಬಿಕೆಯಿಂದ ಅಗಿದಿದ್ದರು. ಅಗಿದಷ್ಟೂ ಅದು ಹಲ್ಲಿಗೆ, ಅಂಗುಳಕ್ಕೆ ಮೆತ್ತಿಕೊಂಡಿತು. ಬೇಸತ್ತು ಹಳೆಯ ರೂಢಿಯಂತೆ ನುಂಗಿದರು. ಅದು ಎದೆಯ ನಡುವೆ ಕಲ್ಲಿನಂತೆ ನಿಂತು, ಬಾಯಲ್ಲಿ ನೊರೆನೊರೆಯಾಗಿ ನೀರೂರಿ, ಕೊನೆಗೆ ಹಿತ್ತಲಿಗೆ ಓಡಬೇಕಾಯಿತು.

ನನ್ನಲ್ಲಿ ಉತ್ತರವಿರಲಿಲ್ಲ. ನಾನು ಆಹಾರ ತಜ್ಞೆ. ಇಂಥ ಆಪರೇಷನ್ ಆದವರ ಊಟವನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಆದರೆ ಮುದ್ದೆಯ ಮನೆಯಲ್ಲಿ ಬೆಳೆದವಳಲ್ಲ. ಉತ್ತರ ಸಿಕ್ಕಿದ್ದು ಆ ತಿಂಗಳ ಕೊನೆಯ ಶನಿವಾರ, ಆಪರೇಷನ್ ಆದವರು ಒಟ್ಟಿಗೆ ಸೇರುವ ನಮ್ಮ ಮೀಟಿಂಗಿನಲ್ಲಿ. ಮೂರು ವರ್ಷದ ಹಿಂದೆ ಇದೇ ದಾರಿಯಲ್ಲಿ ನಡೆದಿದ್ದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಹೇಳಿದರು: "ಅಣ್ಣ, ಮುದ್ದೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಈಗ ಅಂಬಲಿ ಕಾಯಿಸಿ ಮಜ್ಜಿಗೆ ಬೆರೆಸಿಕೊಳ್ಳಿ. ಆಮೇಲೆ ರಾಗಿ ರೊಟ್ಟಿ. ರೊಟ್ಟಿಯನ್ನು ಅಗಿಯದೆ ನುಂಗಲು ಯಾರಿಗೂ ಸಾಧ್ಯವಿಲ್ಲ." ನಾನು ಸೇರಿಸಿದ್ದು ಇಷ್ಟೇ: ಮೊದಲು ಮೊಟ್ಟೆ, ಅರ್ಧ ಗಂಟೆ ಬಿಟ್ಟು ಅಂಬಲಿ.

ಹೀಗೇಕೆ ಎಂದು ಹೇಳಬೇಕಾದರೆ ಹೊಟ್ಟೆಯೊಳಗೆ ಆಗಿರುವುದನ್ನು ಹೇಳಬೇಕು. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಎರಡು ಬಗೆಯ ಆಪರೇಷನ್. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. 100ರಿಂದ 150 ಮಿಲಿಲೀಟರ್, ಅಂದರೆ ಒಂದು ಲೋಟ ಕಾಫಿಯಷ್ಟು ಹಿಡಿಯುತ್ತದೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ ಆದ್ದರಿಂದ ಮೊದಲ ತಿಂಗಳುಗಳಲ್ಲಿ ಹಲವರಿಗೆ ಹಸಿವೇ ಇರುವುದಿಲ್ಲ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಎರಡರಲ್ಲೂ ಮೊದಲ ವರ್ಷ, ಒಂದೂವರೆ ವರ್ಷ ತೂಕ ತಾನಾಗಿಯೇ ಇಳಿಯುತ್ತದೆ. ಆ ಕಾಲವನ್ನು ನಾವು ಮಧುಚಂದ್ರ ಎಂದು ತಮಾಷೆ ಮಾಡುವುದುಂಟು. ಕತ್ತರಿಯ ಕೆಲಸ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ನಲವತ್ತು ವರ್ಷ ಉಂಡ ಬಗೆಯನ್ನು ಬದಲಿಸುವುದು ಬೇರೆಯೇ ಕೆಲಸ.

ನನ್ನ ಮೊದಲ ಹಾಳೆಯ ಬಗ್ಗೆ ಹೇಳಬೇಕು. ಅದು ಹೊರದೇಶದ ಪಟ್ಟಿಯೊಂದರ ಕನ್ನಡ ರೂಪ. ಮೊದಲು ತಿಳಿ ದ್ರವ, ಆಮೇಲೆ ಎರಡು ವಾರ ಗಟ್ಟಿ ದ್ರವ, ಮತ್ತೆರಡು ವಾರ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತನೆಯದು. ಕ್ರಮವೇನೋ ಸರಿಯಾಗಿತ್ತು, ಆದರೆ ಪದಾರ್ಥಗಳೆಲ್ಲ ಬ್ರಾತ್, ಆಪಲ್ ಸಾಸ್, ಕಾಟೇಜ್ ಚೀಸ್. "ಇದೆಲ್ಲ ಎಲ್ಲಿ ಸಿಗುತ್ತದೆ ಮೇಡಂ, ಔಷಧದ ಅಂಗಡಿಯಲ್ಲಾ?" ಎಂದು ಒಬ್ಬರು ಮುಗ್ಧವಾಗಿ ಕೇಳಿದ್ದರು. ಅದನ್ನು ನಮ್ಮ ಅಡುಗೆಮನೆಗೆ ತಂದವರು ಮೀಟಿಂಗಿನ ಹೆಂಗಸರು. ತಿಳಿ ದ್ರವಕ್ಕೆ ಹುರುಳಿಕಟ್ಟು, ರುಬ್ಬಿದ್ದಕ್ಕೆ ಹೆಸರುಬೇಳೆಯ ತೊವ್ವೆ, ಮೆತ್ತನೆಯದಕ್ಕೆ ಸಾರಿನಲ್ಲಿ ನೆನೆಸಿದ ಇಡ್ಲಿ. ಆ ಪಟ್ಟಿಗೆ ಇಂದಿಗೂ ನನ್ನದಕ್ಕಿಂತ ಹೆಚ್ಚು ಬೇಡಿಕೆ.

ಆದರೆ ಅಲ್ಲೂ ನಾನು ಬಾಯಿ ಹಾಕಬೇಕಾಯಿತು. ಹುರುಳಿಕಟ್ಟಿನಲ್ಲಿ ಬಹಳ ಶಕ್ತಿ ಎಂದು ಕೆಲವರು ಆರು ವಾರವಾದರೂ ಬರೀ ಕಟ್ಟನ್ನೇ ಕುಡಿಯುತ್ತಿದ್ದರು. ಮೊದಲ ದಿನಗಳಲ್ಲಿ ನೀರು, ಉಪ್ಪು ಒಳಗೆ ಹೋಗಲು ಅದು ಒಳ್ಳೆಯದೇ. ಆದರೆ ಕಾಳು ಬಸಿದರೆ ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ, ಲೋಟಕ್ಕೆ ಬರುವುದು ಕಡಿಮೆ. ಇವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು; ಒಂದು ಮೊಟ್ಟೆಯಲ್ಲಿರುವುದು 6 ಗ್ರಾಂ. ಲೋಟದಷ್ಟೇ ಇರುವ ಹೊಟ್ಟೆಯಲ್ಲಿ ಅದನ್ನು ತುಂಬಿಸುವುದು ಎಂಥ ಕಸರತ್ತು ಎಂದು ಲೆಕ್ಕ ಹಾಕಿ ನೋಡಿ. "ಕಟ್ಟನ್ನು ಮನೆಯವರಿಗೆ ಕೊಡಿ, ಕಾಳನ್ನು ರುಬ್ಬಿ ನೀವು ತಿನ್ನಿ" ಎಂದೆ. ಇಡೀ ಕೋಣೆ ನನ್ನನ್ನು ಅಡುಗೆ ಗೊತ್ತಿಲ್ಲದ ಸೊಸೆಯಂತೆ ನೋಡಿತು.

ಮದುವೆ ಮನೆಯ ಪಾಠವನ್ನಂತೂ ಯಾವ ಪುಸ್ತಕವೂ ಕಲಿಸಲಾರದು. ಎಲೆಯ ಮುಂದೆ ಕುಳಿತವನು ಎರಡು ತುತ್ತಿಗೆ ಕೈ ನಿಲ್ಲಿಸಿದರೆ ಬಡಿಸುವವರಿಗೆ ಅವಮಾನ, ಬೀಗರಿಗೆ ಅನುಮಾನ. 'ಇನ್ನೊಂದು ಹೋಳಿಗೆ, ನನ್ನಾಣೆ' ಎಂಬ ಒತ್ತಾಯಕ್ಕೆ ಮಣಿದು, ತುಪ್ಪ ಹಾಲು ಸುರಿದ ಹೋಳಿಗೆ ತಿಂದ ಬೈಪಾಸ್ ಆದವರೊಬ್ಬರು ಅರ್ಧ ಗಂಟೆಯೊಳಗೆ ಬೆವತು, ಎದೆ ಡವಗುಟ್ಟಿ, ಛತ್ರದ ಶೌಚಾಲಯದಲ್ಲಿ ಕುಳಿತಿದ್ದರು. ಸಕ್ಕರೆ ಒಮ್ಮೆಲೇ ಸಣ್ಣ ಕರುಳಿಗೆ ಬಿದ್ದು ರಕ್ತದ ನೀರನ್ನು ಎಳೆದುಕೊಂಡಾಗ ಆಗುವ ಇದನ್ನು ಡಂಪಿಂಗ್ ಎನ್ನುತ್ತೇವೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ಎರಡನೆಯ ಪೆಟ್ಟು: ಇನ್ಸುಲಿನ್ ಅತಿಯಾಗಿ ಸುರಿದು ಸಕ್ಕರೆ ಕುಸಿದು ಕೈಕಾಲು ನಡುಗುತ್ತವೆ. ನಾನು ಇದನ್ನೆಲ್ಲ ಚಿತ್ರ ಬರೆದು ವಿವರಿಸಿದೆ. ಬ್ಯಾಂಕಿನ ನೌಕರಿಯಲ್ಲಿರುವ ಮಹಿಳೆಯೊಬ್ಬರು ಕೊಟ್ಟ ಪರಿಹಾರಕ್ಕೆ ಚಿತ್ರವೇ ಬೇಕಿರಲಿಲ್ಲ. "ಪಂಕ್ತಿಯಲ್ಲಿ ಕೂರಲೇಬೇಡಿ. ಸೆರಗು ಸಿಕ್ಕಿಸಿಕೊಂಡು ಸಾರಿನ ಬಕೆಟ್ ಎತ್ತಿಕೊಳ್ಳಿ. ಬಡಿಸುವವರನ್ನು ಊಟವಾಯಿತೇ ಎಂದು ಯಾರೂ ಕೇಳುವುದಿಲ್ಲ." ಅವರು ಎರಡು ವರ್ಷದಲ್ಲಿ ಹನ್ನೊಂದು ಮದುವೆಗಳನ್ನು ಹೀಗೆ ದಾಟಿದ್ದರು, ಕೆಲಸಗಾತಿ ಎಂಬ ಹೆಸರು ಬೇರೆ.

ಗುಟ್ಟು ಏಕೆ ಎಂದು ನೀವು ಕೇಳಬಹುದು. ತೆಳ್ಳಗಾದರೆ ನಮ್ಮ ಜನ ಮೊದಲು ಕೇಳುವುದೇ 'ಶುಗರ್ ಬಂತಾ?' ಎಂದು. ಆಪರೇಷನ್ ಎಂದು ಗೊತ್ತಾದರೆ ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಮುಖಕ್ಕೆ ಹಿಡಿಯುತ್ತಾರೆ: ಬಾಯಿ ಕಟ್ಟಲಾಗದೆ ಹೊಟ್ಟೆ ಕತ್ತರಿಸಿಕೊಂಡರು ಎಂದು. ಹಾಗಾಗಿ ವಾಕಿಂಗ್ ಮಾಡಿ ಇಳಿಸಿದೆ ಎಂದು ಸುಳ್ಳು ಹೇಳುತ್ತಾರೆ. ಮೂರರಿಂದ ಆರು ತಿಂಗಳ ನಡುವೆ ಬಾಚಣಿಗೆ ತುಂಬ ಕೂದಲು ಉದುರುತ್ತದೆ, ತೋಳಿನ ಚರ್ಮ ಜೋಲುತ್ತದೆ. ಗುಟ್ಟು ಕಾಪಾಡಿಕೊಂಡವರಿಗೆ ಇದನ್ನು ಹೇಳಿಕೊಳ್ಳಲು ಮನೆಯಲ್ಲೂ ಜಾಗವಿರುವುದಿಲ್ಲ. ಕೂದಲು ಸಾಮಾನ್ಯವಾಗಿ ಮರಳಿ ಬರುತ್ತದೆ ಎಂದು ನಾನು ಹತ್ತು ಸಲ ಹೇಳಿದ್ದಕ್ಕಿಂತ, ಮುಂದಿನ ಕುರ್ಚಿಯಲ್ಲಿ ಕುಳಿತವರು ತಮ್ಮ ಜಡೆಯನ್ನು ಮುಂದಕ್ಕೆ ಎಳೆದು ತೋರಿಸಿದ್ದು ಹೆಚ್ಚು ಕೆಲಸ ಮಾಡುತ್ತದೆ.

ಇಲ್ಲಿಯವರೆಗೆ ಓದಿದವರಿಗೆ ನಾನು ಮೀಟಿಂಗಿನ ಗುಣಗಾನಕ್ಕೆ ಕುಳಿತಿದ್ದೇನೆ ಅನ್ನಿಸಿದ್ದರೆ ಈಗ ಇನ್ನೊಂದು ಮಗ್ಗುಲು. ಅನುಭವ ದೊಡ್ಡ ಗುರು, ಸರಿ. ಆದರೆ ದೇಹದ ಕೆಲವು ಲೆಕ್ಕಗಳು ಅನುಭವಕ್ಕೆ ತಡವಾಗಿ ತಿಳಿಯುತ್ತವೆ. "ಎರಡು ವರ್ಷದಿಂದ ಆ ಬಿ12 ವಿಟಮಿನ್ ಮಾತ್ರೆ ಮುಟ್ಟಿಲ್ಲ, ನನಗೇನಾಗಿದೆ?" ಎಂದು ಒಬ್ಬರು ಎದೆ ತಟ್ಟಿ ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬಿ12 ಯಕೃತ್ತಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಗಂಟು. ಆದಾಯ ನಿಂತರೂ ಸಂಸಾರ ನಡೆಯುತ್ತಿರುತ್ತದೆ. ಗಂಟು ಕರಗಿದ ದಿನ ಪಾದ ಜುಮುಗುಟ್ಟುತ್ತದೆ, ಮರೆವು ಬರುತ್ತದೆ. ಸಸ್ಯಾಹಾರಿಗಳ ಗಂಟು ಮೊದಲಿನಿಂದಲೇ ಚಿಕ್ಕದು. ಅಂದು ಅವರ ಮಾತು ಕೇಳಿ ಮಾತ್ರೆ ಬಿಟ್ಟವರು ನಾಲ್ವರು ಎಂದು ನಂತರ ಗೊತ್ತಾಯಿತು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಬೇಕು, ಕಬ್ಬಿಣವನ್ನು ಕಾಫಿಯ ಜೊತೆ ನುಂಗಬಾರದು. ಇವು ಆಯುಷ್ಯವಿಡೀ ಇರುವ ನಿಯಮಗಳು. ವಿಮೆಯಂತೂ ಆಪರೇಷನ್ನಿಗೆ, ಅದೂ ನಿಗದಿತ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ದಾಟಿದವರಿಗೆ, ಹಣ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಜೀವಮಾನದ ಮಾತ್ರೆಯ ಖರ್ಚು ಸಾಮಾನ್ಯವಾಗಿ ನಿಮ್ಮ ಜೇಬಿನದೇ.

ಇನ್ನೊಂದು ಘಟನೆಯನ್ನು ಬರೆಯಲು ನನಗೆ ಈಗಲೂ ಹಿಂಜರಿಕೆ. ಮೀಟಿಂಗಿನವರದೇ ಒಂದು ವಾಟ್ಸ್ಆ್ಯಪ್ ಗುಂಪಿದೆ. ಆಪರೇಷನ್ ಆಗಿ ಎರಡು ತಿಂಗಳಾಗಿದ್ದ ತರುಣಿಯೊಬ್ಬಳು ಮೂರು ದಿನದಿಂದ ವಾಂತಿ ಎಂದು ಬರೆದಳು. 'ಎಲ್ಲರಿಗೂ ಆಗುತ್ತದೆ ಕಣಮ್ಮಾ, ಹೆದರಬೇಡ.' 'ನನಗೆ ಹತ್ತು ದಿನ ಆಗಿತ್ತು.' 'ಹತ್ತಿರದಲ್ಲಿ ಒಂದು ಗ್ಲೂಕೋಸ್ ಬಾಟಲಿ ಹಾಕಿಸಿಕೋ.' ರಾತ್ರಿ ಹತ್ತೂವರೆಗೆ ನಾನೂ ಅದನ್ನು ನೋಡಿದೆ, ಕಣ್ಣಾಡಿಸಿ ಹೆಬ್ಬೆರಳಿನ ಗುರುತು ಒತ್ತಿ ಮಲಗಿದೆ. ಮತ್ತೆ ಹತ್ತು ದಿನವಾದ ಮೇಲೆ ಅವಳ ಅಣ್ಣ ಅವಳನ್ನು ಹಿಡಿದುಕೊಂಡು ಕರೆತಂದಾಗ ನಡಿಗೆ ತೂರಾಡುತ್ತಿತ್ತು, ಕಣ್ಣುಗುಡ್ಡೆಗಳು ಅದುರುತ್ತಿದ್ದವು, ಯಾವ ವಾರ ಎಂದು ಕೇಳಿದರೆ ಉತ್ತರವಿರಲಿಲ್ಲ. ಥಯಾಮಿನ್, ಅಂದರೆ ಬಿ1, ಬರಿದಾಗಿತ್ತು. ಇದು ಬಿ12ರ ಹಾಗಲ್ಲ. ದೇಹದ ಕಣಜದಲ್ಲಿ ಇರುವುದು ಎರಡು ಮೂರು ವಾರಕ್ಕಾಗುವಷ್ಟೇ. ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮಿದುಳಿಗೇ ಏಟು ಬೀಳುತ್ತದೆ. ರಕ್ತನಾಳದ ಮೂಲಕ ಥಯಾಮಿನ್ ಕೊಟ್ಟ ಮೇಲೆ ಕಣ್ಣು ಬೇಗ ಸರಿಯಾಯಿತು. ನಡಿಗೆ ಸರಿಯಾಗಲು ಮೂರು ತಿಂಗಳು ಹಿಡಿಯಿತು.

ಗುಂಪನ್ನೇ ಮುಚ್ಚಿಬಿಡಿ ಎಂದು ನಮ್ಮ ಆಸ್ಪತ್ರೆಯಲ್ಲಿ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಮುಚ್ಚಿದರೆ ಜನ ಬೇರೆ ಕಡೆ ಕೇಳಿಕೊಳ್ಳುತ್ತಾರೆ, ಅಷ್ಟೆ. ಬದಲಿಗೆ ನಿಯಮವೊಂದನ್ನು ಮಾಡಿದೆವು, ಅದನ್ನು ಬರೆದವರೂ ಅವರೇ: ವಾಂತಿ ಒಂದು ದಿನ ಮೀರಿದರೆ, ನೀರು ಕೂಡ ನಿಲ್ಲದಿದ್ದರೆ, ಹೊಟ್ಟೆನೋವಿದ್ದರೆ, ಜ್ವರವಿದ್ದರೆ, ಯಾರೂ ಸಮಾಧಾನ ಹೇಳಕೂಡದು, ಆಸ್ಪತ್ರೆಯ ನಂಬರ್ ಮಾತ್ರ ಹಾಕಬೇಕು. ಆ ನಿಯಮ ಬರೆದ ಹಾಳೆಯ ಹಿಂಬದಿಯಲ್ಲಿ ಇನ್ನೂ ಕೆಲವು ಸಾಲುಗಳು ಸೇರಿವೆ. ಬೈಪಾಸ್ ಆದವರು ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು, ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಮದ್ಯ ಮೊದಲಿಗಿಂತ ಬೇಗ, ಹೆಚ್ಚು ಏರುತ್ತದೆ. ಊಟದ ಚಟ ಬಿಟ್ಟ ಜಾಗದಲ್ಲಿ ಕುಡಿತ ಬಂದು ಕೂರುವುದುಂಟು. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಏರುತ್ತದೆ, ಆದರೆ ಒಂದರಿಂದ ಒಂದೂವರೆ ವರ್ಷ ಮಗು ಬೇಡ. ಗರ್ಭನಿರೋಧಕ ಗುಳಿಗೆಯೊಂದನ್ನೇ ನಂಬದೆ ವೈದ್ಯರನ್ನು ಕೇಳಿ.

ಇಷ್ಟು ವರ್ಷಗಳಲ್ಲಿ ನಾನು ತಡವಾಗಿ ಗಮನಿಸಿದ್ದು ಬೇರೆಯೇ. ಮೀಟಿಂಗಿಗೆ ಬರುತ್ತಿದ್ದವರೆಲ್ಲ ಗೆದ್ದವರು. ಎರಡು ಮೂರು ವರ್ಷದ ನಂತರ ಹಲವರಿಗೆ ತೂಕ ಸ್ವಲ್ಪವಾದರೂ ಮರಳುತ್ತದೆ. ಹಸಿವು ವಾಪಸು ಬರುತ್ತದೆ, ಕೊಳವೆಯೂ ತುಸು ಹಿಗ್ಗುತ್ತದೆ. ಇದು ದೇಹದ ಸ್ವಭಾವ. ಆದರೆ ಹಾಗಾದವರು ಫೋನ್ ಎತ್ತುವುದನ್ನೇ ನಿಲ್ಲಿಸುತ್ತಿದ್ದರು. ಕಾರಣ ನಮ್ಮ ಕೋಣೆಯಲ್ಲೇ ಇತ್ತು. ಬಾಗಿಲಿನ ಪಕ್ಕ ತೂಕದ ಯಂತ್ರ, ಗೋಡೆಯ ಮೇಲೆ ಆಪರೇಷನ್ನಿಗೆ ಮೊದಲಿನ ಮತ್ತು ನಂತರದ ಫೋಟೋಗಳು, ಬಂದವರ ಕಿಲೋ ಕೇಳಿ ಚಪ್ಪಾಳೆ. ಹತ್ತು ಕಿಲೋ ಮರಳಿದವರು ಆ ಬಾಗಿಲನ್ನು ಯಾವ ಮುಖದಿಂದ ದಾಟಬೇಕು? ಕಳೆದ ವರ್ಷ ಯಂತ್ರವನ್ನು ಒಳಕೋಣೆಗೆ ಸಾಗಿಸಿದೆವು, ಫೋಟೋ ಇಳಿಸಿದೆವು. ಮೀಟಿಂಗಿನಲ್ಲಿ ಕಿಲೋ ಎಂಬ ಮಾತೇ ಬೇಡ ಎಂದೆವು.

ಆಮೇಲಿನ ಒಂದು ಶನಿವಾರ, ಐದು ವರ್ಷದ ಹಿಂದೆ ಆಪರೇಷನ್ ಆಗಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಬಂದು ಬಾಗಿಲ ಹತ್ತಿರದ ಕುರ್ಚಿಯ ಅಂಚಿನಲ್ಲಿ ಕುಳಿತರು. ಹನ್ನೊಂದು ತಿಂಗಳ ಮೇಲೆ ಅವರನ್ನು ನೋಡುತ್ತಿದ್ದೆ. ಬಹಳ ಹೊತ್ತು ಸುಮ್ಮನಿದ್ದು, ಕೈಚೀಲದ ಹಿಡಿಯನ್ನು ತಿರುಚುತ್ತಾ ಹೇಳಿದರು: "ರಾತ್ರಿ ಎಲ್ಲರೂ ಮಲಗಿದ ಮೇಲೆ ಕಾಫಿಗೆ ಮಾರಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತೇನೆ. ಒಂದು ಪ್ಯಾಕೆಟ್ ಮುಗಿಯುತ್ತದೆ. ಇಡ್ಲಿ ಒಂದಕ್ಕೇ ಸಾಕಾಗುವ ಹೊಟ್ಟೆಗೆ ಇದು ಹೇಗೆ ಹಿಡಿಸುತ್ತದೋ ಗೊತ್ತಿಲ್ಲ."

ಹೇಗೆ ಹಿಡಿಸುತ್ತದೆ ಎಂದು ನನಗೆ ಗೊತ್ತಿತ್ತು. ಅದ್ದಿದ ಬಿಸ್ಕತ್ತು ಕರಗಿ ನೀರಾಗಿ ಕೊಳವೆಯಲ್ಲಿ ಜಾರಿಹೋಗುತ್ತದೆ, ಹೊಟ್ಟೆ ತುಂಬುವುದೇ ಇಲ್ಲ. ವಿವರಿಸಲೆಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದವರು ಹೇಳಿದರು, "ನನ್ನದು ಖಾರದ ಮಂಡಕ್ಕಿ." ಹಿಂದಿನ ಸಾಲಿನಿಂದ ಇನ್ನೊಬ್ಬರು: "ನನ್ನದು ಹಾರ್ಲಿಕ್ಸ್, ಪುಡಿಯನ್ನೇ, ಚಮಚದಲ್ಲಿ." ಸಾರಿನ ಬಕೆಟ್ಟಿನ ಮಹಿಳೆ ಸ್ವಲ್ಪ ತಡೆದು, "ಬಡಿಸಿ ಮುಗಿದ ಮೇಲೆ ಅಡುಗೆಯವರು ಕಟ್ಟಿಕೊಡುವ ಬೂಂದಿ" ಎಂದರು. ಶಿಕ್ಷಕಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಒರಗಿಕೊಂಡರು. ನಾನು ತಂದಿದ್ದ ಪ್ರೋಟೀನ್ ಪಟ್ಟಿಯ ಪ್ರತಿಗಳನ್ನು ಅಂದು ಚೀಲದಿಂದ ಹೊರಗೆ ತೆಗೆಯಲಿಲ್ಲ.